ಹಳಿ ಮುಗಿಯುವ ಊರು

ಕರ್ನಾಟಕದ ಭೂಪಟದಲ್ಲಿ ರೈಲು ಹಳಿಯ ಗೆರೆಯ ಮೇಲೆ ಬೆರಳಿಟ್ಟು ದಕ್ಷಿಣಕ್ಕೆ ಇಳಿಯುತ್ತಾ ಬಂದರೆ ಮೈಸೂರು, ನಂಜನಗೂಡು ದಾಟಿ ಚಾಮರಾಜನಗರಕ್ಕೆ ಬೆರಳು ನಿಂತುಬಿಡುತ್ತದೆ. ಅಲ್ಲಿಂದಾಚೆ ರಸ್ತೆ ಇದೆ, ಕಾಡಿದೆ, ಬೆಟ್ಟವಿದೆ, ತಮಿಳುನಾಡಿದೆ, ಕೇರಳವಿದೆ. ಹಳಿ ಮಾತ್ರ ಇಲ್ಲ. ರಾಜ್ಯದ ತೀರಾ ದಕ್ಷಿಣದ ರೈಲು ನಿಲ್ದಾಣ ಇದೇ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಪಡುವಲಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ತೆಂಕಲಿಗೆ ತಾಳವಾಡಿಯಾಚೆಯ ದಿಂಬಂ ಘಟ್ಟ. ಈ ಬೆಟ್ಟಗಳು ಮೂರು ಕಡೆಯಿಂದ ಸುತ್ತುವರಿದ ತಗ್ಗಿನ ಸೀಮೆಗೆ 1926ರಲ್ಲಿ ಮೊದಲ ರೈಲು ಬಂತು. ಅಂದಿನಿಂದ ಇಂದಿನವರೆಗೆ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದೆ.

ನನ್ನೂರು ತೆರಕಣಾಂಬಿಯ ಪಕ್ಕದ ಹಳ್ಳಿ, ಗುಂಡ್ಲುಪೇಟೆ ತಾಲ್ಲೂಕು. ನಮ್ಮ ತಾಲ್ಲೂಕಿಗೆ ರೈಲು ಇಲ್ಲ, ಯಾವತ್ತೂ ಇರಲಿಲ್ಲ. ನಮ್ಮ ಗುಂಡ್ಲು ಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ, ಅಲ್ಲಿ ಅದಕ್ಕೆ ರೈಲಿನ ದರ್ಶನ ಆಗುತ್ತದೆ. ನಮಗೆ ಆಗಬೇಕೆಂದರೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಬೇಕಿತ್ತು. ಹಳ್ಳಿಯಲ್ಲಿ ಯಾರೂ ಅದನ್ನು ನಿಲ್ದಾಣ ಅನ್ನುತ್ತಿರಲಿಲ್ಲ, ಟೇಸನ್ನು. ‘ಟೇಸನ್ನಿಗೆ ಹೋಗಿ ಬತ್ತೀನಿ’ ಅಂದರೆ ಯಾರೋ ಬರುವವರಿದ್ದಾರೆ, ಇಲ್ಲವೇ ಮೈಸೂರಿನ ದೊಡ್ಡಾಸ್ಪತ್ರೆಗೆ ಯಾರನ್ನೋ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಅರ್ಥ ಮಾಡಿಕೊಳ್ಳುತ್ತಿದ್ದರು.

ಹಳಿ ಏಕೆ ಇಲ್ಲಿಗೇ ನಿಂತಿತು ಎಂಬುದು ಮೇಷ್ಟ್ರಾಗಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳತೊಡಗಿದ ಮೇಲೆ ನನಗೆ ಸ್ಪಷ್ಟವಾಯಿತು. ಬೆಂಗಳೂರು–ಮೈಸೂರು ಹಳಿಯ ಹಿಂದೆ 1876–78ರ ದೊಡ್ಡ ಬರವಿದೆ. ಹಸಿದವರಿಗೆ ಕೂಲಿ ಕೊಡುವ ಕೆಲಸವಾಗಿಯೂ ಆ ದಾರಿ ಸಾಗಿ, 1880ರ ದಶಕದ ಆರಂಭದಲ್ಲಿ ಮೈಸೂರು ಮುಟ್ಟಿತು. 1891ರಲ್ಲಿ ಅದು ನಂಜನಗೂಡಿಗೆ ಬಂತು. ನಂಜುಂಡೇಶ್ವರನ ಒಕ್ಕಲಿಗೆ ಅದಕ್ಕಿಂತ ದೊಡ್ಡ ಅನುಕೂಲ ಆ ಕಾಲದಲ್ಲಿ ಬೇರೆ ಇರಲಿಲ್ಲ. ಅಲ್ಲಿಂದ ಚಾಮರಾಜನಗರಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಅಷ್ಟು ದೂರ ಬರಲು ಇನ್ನೂ ಮೂವತ್ತೈದು ವರ್ಷ ಹಿಡಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರಾದ ವರ್ಷವೇ ಅದು. ಆಗ ಕೊಳ್ಳೇಗಾಲ ಮೈಸೂರಿನದಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಾಳವಾಡಿ, ಸತ್ಯಮಂಗಲಗಳೂ ಆ ಕಡೆಯವೇ. ಮೈಸೂರು ಸಂಸ್ಥಾನದ ರೈಲು ಸಂಸ್ಥಾನದ ಗಡಿಯ ಬಳಿ ಬಂದು ನಿಂತಿತು. ಅದರಾಚೆ ಬೇರೆ ಸರ್ಕಾರ, ಬೇರೆ ಖಜಾನೆ, ನಡುವೆ ಆನೆಗಳ ಕಾಡು. 1956ರಲ್ಲಿ ಕೊಳ್ಳೇಗಾಲ ನಮ್ಮ ಕಡೆಗೆ ಬಂತು, ಗಡಿ ಸರಿಯಿತು. ಹಳಿ ಸರಿಯಲಿಲ್ಲ.

ಊರಿನ ಹೆಸರೂ ಹಳೆಯದಲ್ಲ. ಮೊದಲು ಇದು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಚಾಮರಾಜನಗರ ಎಂದು ಕರೆದರು, 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದರು. ಗುಡಿಗೆ ನೂರು ತುಂಬಿದಾಗ ಊರಿಗೆ ರೈಲು ಬಂತು. ಈಗ ರೈಲಿಗೆ ನೂರು ತುಂಬುತ್ತಿದೆ.

ಗುಡಿಯ ಮಾತು ಬಂದಿದ್ದಕ್ಕೆ ತೇರಿನ ಮಾತನ್ನೂ ಹೇಳಬೇಕು. ಆಷಾಢದಲ್ಲಿ ಹೊಸ ಮದುವೆಯ ಗಂಡು-ಹೆಣ್ಣು ಒಟ್ಟಿಗಿರಬಾರದು ಅನ್ನುವ ನಾಡು ನಮ್ಮದು. ಆದರೆ ಚಾಮರಾಜೇಶ್ವರನ ತೇರು ಎಳೆಯುವುದು ಆಷಾಢದಲ್ಲೇ. ತವರಿಗೆ ಹೋದ ಮದುಮಗಳು, ತನ್ನೂರಲ್ಲಿ ಉಳಿದ ಮದುಮಗ, ಇಬ್ಬರೂ ಆ ದಿನ ಇಲ್ಲಿಗೆ ಬಂದು ಒಟ್ಟಿಗೆ ನಿಂತು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ನನ್ನ ಚಿಕ್ಕಂದಿನಲ್ಲಿ ಅಂದು ಬೆಳಗಿನ ರೈಲು ಬರುವ ಹೊತ್ತಿಗೆ ಟೇಸನ್ನಿನ ಮುಂದೆ ಜಟಕಾಗಳು ಸಾಲುಗಟ್ಟುತ್ತಿದ್ದವು. ರೈಲಿನಿಂದ ಇಳಿಯುತ್ತಿದ್ದವರಲ್ಲಿ ಅರಿಶಿನದ ಕಳೆ ಇನ್ನೂ ಮಾಸದ ಹೆಣ್ಣುಮಕ್ಕಳೇ ಹೆಚ್ಚು. ಪ್ಲಾಟ್‌ಫಾರಂನಲ್ಲಿ ಮೊದಲೇ ಬಂದು ಕಾಯುತ್ತಿದ್ದ ಗಂಡಂದಿರು ಅತ್ತೆಮನೆಯವರ ಮುಂದೆ ಮಾತಾಡಲು ಸಂಕೋಚಪಟ್ಟು ದೂರದಿಂದಲೇ ನೋಡುತ್ತಿದ್ದರು. ಆ ನೋಟವನ್ನು ಕಂಡು ನನ್ನ ಅತ್ತೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. 2017ರಲ್ಲಿ ಆ ತೇರಿಗೆ ಬೆಂಕಿ ಬಿದ್ದು ಹಲವು ವರ್ಷ ಉತ್ಸವವೇ ನಡೆಯಲಿಲ್ಲ. 2022ರಲ್ಲಿ ಹೊಸ ತೇರು ಬಂತು. ತೇರು ನಿಂತ ಆ ವರ್ಷಗಳಲ್ಲಿ ಆಷಾಢದ ರೈಲು ಸಪ್ಪಗಿತ್ತು ಎಂದು ಟೇಸನ್ನಿನ ಮುಂದೆ ಹೂ ಮಾರುವ ತಾಯಿ ನನಗೆ ಹೇಳಿದ್ದುಂಟು.

ನನ್ನ ಅತ್ತೆಯನ್ನು ಕೊಟ್ಟಿದ್ದು ಕವಲಂದೆಗೆ. ಹಾಗಾಗಿ ನನ್ನ ಮೊದಲ ರೈಲು ಪ್ರಯಾಣ ಕವಲಂದೆಯವರೆಗಿನದು. ಚಾಮರಾಜನಗರ ಬಿಟ್ಟರೆ ಮರಿಯಾಲ, ಬದನಗುಪ್ಪೆ, ಕೋಣನೂರು, ಆಮೇಲೆ ಕವಲಂದೆ. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನೂ ತಂಗಿಯನ್ನೂ ಕರೆದುಕೊಂಡು, ಅತ್ತೆಗೆಂದು ಅರಿಶಿನದ ಕೊಂಬು, ಸಣ್ಣ ಈರುಳ್ಳಿ, ಹುಚ್ಚೆಳ್ಳು ಕಟ್ಟಿದ ಗಂಟು ಹೊತ್ತು ಹೊರಡುತ್ತಿದ್ದಳು. ಹೆಂಚಿನ ಮಾಡಿನ ಸಣ್ಣ ಕಟ್ಟಡ, ಟಿಕೆಟ್ ಕಿಟಕಿ ನನ್ನ ತಲೆಗಿಂತ ಎತ್ತರ. ಒಳಗಿನಿಂದ ‘ಟಕ್’ ಎಂದು ತಾರೀಖು ಒತ್ತಿದ ಸದ್ದಾಗಿ ದಪ್ಪ ರಟ್ಟಿನ ಟಿಕೆಟ್ಟು ಹೊರಕ್ಕೆ ಜಾರುತ್ತಿತ್ತು. ಅವ್ವ ಅದನ್ನು ಎಲೆಯಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತಿದ್ದಳು. ಕೈಮರ ಇಳಿಯಿತೆಂದರೆ ಎಲ್ಲರೂ ಎದ್ದು ನಿಲ್ಲುವುದು, ಗಂಟು ಮೂಟೆ ತಲೆಗೇರುವುದು. ರೈಲು ಹೊರಟರೆ ಅವ್ವನ ಎಚ್ಚರಿಕೆ ಶುರು.

‘ಕಿಟಕೀಲಿ ತಲ ಹಾಕ್ಬ್ಯಾಡ ಕನಾ ಮಗ, ಕಣ್ಗ ಕಿಡಿ ಬಿದ್ದದು.’

ಕಿಡಿ ಬೀಳುತ್ತಿದ್ದುದು ನಿಜ. ಕಲ್ಲಿದ್ದಲ ಎಂಜಿನ್ನಿನ ಹೊಗೆ ಗಾಳಿ ಬೀಸಿದ ಕಡೆಯ ಕಿಟಕಿಗಳಿಗೆ ನುಗ್ಗಿ ಬಿಳಿ ಅಂಗಿಯ ಮೇಲೆ ಕರಿ ಚುಕ್ಕೆ ಬಿಡುತ್ತಿತ್ತು. ಅತ್ತೆ ಮನೆ ಸೇರಿದ ಕೂಡಲೇ ಮುಖ ತೊಳೆಸುವ ಕೆಲಸ ಮೊದಲು. ಮೂಗಿನೊಳಗೆ ಮಸಿ ಇರುತ್ತಿತ್ತು.

ಆ ಸಣ್ಣ ರೈಲು ನಿಧಾನ. ಎರಡು ಹಳಿಯ ನಡುವೆ ಒಂದೇ ಮೀಟರ್ ಅಗಲ, ಅದಕ್ಕೇ ಮೀಟರ್ ಗೇಜ್. ಮೈಸೂರಿನವರೆಗಿನ 61 ಕಿಲೋಮೀಟರಿಗೆ ಅದು ತನ್ನಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಒಂಟಿ ಹಳಿಯಾದ್ದರಿಂದ ಮುಂದಿನ ನಿಲ್ದಾಣದವರೆಗಿನ ಹಳಿ ತನ್ನದು ಎನ್ನುವುದಕ್ಕೆ ಚಾಲಕನ ಕೈಯಲ್ಲಿ ಟೋಕನ್ ಇರಬೇಕಿತ್ತು. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಪಾಯಿಂಟ್ಸ್‌ಮನ್ ಎತ್ತಿ ಹಿಡಿದು ನಿಲ್ಲುತ್ತಿದ್ದ, ಎಂಜಿನ್ನಿನವನು ಬಾಗಿ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹಳೆಯ ಬಳೆಯನ್ನು ಕೆಳಕ್ಕೆ ಬಿಡುತ್ತಿದ್ದ. ಒಂದು ಟೋಕನ್ ಹೊರಗಿದ್ದರೆ ಇನ್ನೊಂದು ಯಂತ್ರದಿಂದ ಹೊರಬರುವುದಿಲ್ಲ, ಹೀಗಾಗಿ ಎದುರುಬದುರು ರೈಲು ಬರುವಂತಿಲ್ಲ. ಆ ಬಳೆ ಹಿಡಿಯುವ ಕೆಲಸ ನನಗೆ ಬೇಕೆಂದು ಬಹಳ ಕಾಲ ಆಸೆಪಟ್ಟಿದ್ದೆ. ಅಷ್ಟು ಸರಳ ಸಾಧನ ಅಷ್ಟು ಜೀವಗಳನ್ನು ಕಾಯುತ್ತದೆ ಎಂಬುದು ಇಂದಿಗೂ ನನಗೆ ಬೆರಗು.

ಆದರೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಯಂತ್ರಕ್ಕಿಂತ ಒಳಗಿನ ಜನ. ಬಾಳೆ ಎಲೆಯ ಕಟ್ಟು, ಸೊಪ್ಪಿನ ಕುಕ್ಕೆ, ಮೊಸರಿನ ಮಡಕೆ, ಹಾಲಿನ ಕ್ಯಾನು, ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೊರಟ ಹೂವಿನ ಮೂಟೆ. ನಂಜನಗೂಡಿಗೆ ಮುಡಿ ಕೊಡಲು ಹೊರಟ ಸಂಸಾರ, ಕಂಸಾಳೆಯವರು, ತಂಬೂರಿ ಹಿಡಿದ ನೀಲಗಾರರು. ಮಂಟೇಸ್ವಾಮಿಯ ಕಥೆಯನ್ನು ನಾನು ಮೊದಲು ಕೇಳಿದ್ದು ಈ ರೈಲಿನಲ್ಲಿ, ಬದನಗುಪ್ಪೆಗೂ ಕವಲಂದೆಗೂ ನಡುವೆ. ಕಥೆ ಮುಗಿಯುವ ಮೊದಲೇ ಇಳಿಯಬೇಕಾಯಿತೆಂದು ತಂಗಿ ಅತ್ತಿದ್ದಳು. ತಾಳವಾಡಿ ಕಡೆಯವರೂ ಬಹಳ ಇರುತ್ತಿದ್ದರು. ಅವರ ಸರ್ಕಾರ ತಮಿಳುನಾಡಿನದು, ಮನೆಮಾತು ಕನ್ನಡ, ಸಂತೆ, ಸಂಬಂಧ, ಸಿನಿಮಾ, ರೈಲು ಎಲ್ಲಕ್ಕೂ ಚಾಮರಾಜನಗರ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಆ ಸೀಮೆಯದೇ. ರಾಜ್ಯದ ಗಡಿ ಗೆರೆ ಎಳೆದವರಿಗೆ ಕಾಣದ ನಾಡೊಂದನ್ನು ಆ ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ನಾನು ಕಂಡಿದ್ದೇನೆ.

ಇನ್ನೊಂದು ಸಂಗತಿ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಕೆಲವರ ಲೋಟ ಹೊರಗಿನ ಗೂಡಿನಲ್ಲಿ ಇರುತ್ತಿದ್ದ ಕಾಲ ಅದು. ಬಾವಿಯೂ ಬೇರೆ, ಜಗಲಿಯೂ ಬೇರೆ. ರೈಲಿನ ಮರದ ಬೆಂಚಿನ ಮೇಲೆ ಎಲ್ಲರೂ ತೊಡೆಗೆ ತೊಡೆ ತಾಗಿ ಕೂರುತ್ತಿದ್ದರು. ಅಲ್ಲಿ ಯಾರಿಗೂ ಯಾರನ್ನೂ ಏಳಿಸುವ ಅಧಿಕಾರ ಇರಲಿಲ್ಲ, ಟಿಕೆಟ್ಟು ಕೊಂಡವನದು ಜಾಗ. ಒಮ್ಮೆ ನಮ್ಮೂರಿನ ಯಜಮಾನರೊಬ್ಬರು ಕೇರಿಯ ಹಿರಿಯರೊಬ್ಬರ ಪಕ್ಕ ಕೂರದೆ ನಂಜನಗೂಡಿನವರೆಗೆ ನಿಂತೇ ಹೋದರು. ಆ ಹಿರಿಯರು ಕಿಟಕಿಯಾಚೆ ನೋಡುತ್ತಾ ನಿರಾಳವಾಗಿ ಕೂತಿದ್ದರು. ಊರಿನ ಬೀದಿಯಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ರೈಲು ನಮ್ಮ ಸೀಮೆಗೆ ತಂದ ಸಾಮಾನುಗಳ ಪಟ್ಟಿ ಮಾಡುವವರು ಇದನ್ನೂ ಸೇರಿಸಬೇಕು.

ಕಾಲೇಜಿಗೆ ಮೈಸೂರು ಸೇರಿದ ಮೇಲೆ ಇಡೀ ದಾರಿ ನನ್ನದಾಯಿತು. ಹಾಸ್ಟೆಲಿಗೆ ರಾಗಿಹಿಟ್ಟು, ಉಪ್ಪಿನಕಾಯಿ ಹೊತ್ತುಕೊಂಡು ಹೋಗುವುದು, ಬರುವಾಗ ಅಪ್ಪನಿಗೆ ರೇಷ್ಮೆಹುಳುವಿಗೆ ಬೇಕಾದ ಔಷಧ, ಅವ್ವನಿಗೆ ನಂಜನಗೂಡಿನ ರಸಬಾಳೆ. ನರಸಾಂಬುಧಿ ದಾಟುವಾಗ ಗಾಂಧೀಜಿ ಬಂದುಹೋದ ಬದನವಾಳಿನ ಖಾದಿ ಕೇಂದ್ರದ ಕಡೆಗೆ ಕಣ್ಣು ಹೋಗುತ್ತಿತ್ತು. ನಂಜನಗೂಡಿನ ಸೇತುವೆ ಬಂತೆಂದರೆ ಬಾಗಿಲ ಬಳಿ ನಿಲ್ಲುವ ಚಪಲ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅದು. ರೈಲು ಎಂಬ ಕಲ್ಪನೆಯೇ ನಮ್ಮ ನಾಡಿನಲ್ಲಿ ಇರದಿದ್ದಾಗ ಎತ್ತಿನ ಗಾಡಿಗೆಂದು ಕಟ್ಟಿದ್ದರ ಮೇಲೆ ಮುಂದೆ ಹಳಿ ಹಾಸಿದರು. ಒಂದು ಬದಿಯಲ್ಲಿ ಬಸ್ಸು, ಪಕ್ಕದಲ್ಲೇ ರೈಲು, ಕೆಳಗೆ ಕಪಿಲೆ. ದೇಶದಲ್ಲಿ ರೈಲು ಓಡಿದ ತೀರಾ ಹಳೆಯ ಸೇತುವೆಗಳಲ್ಲಿ ಅದೂ ಒಂದು. ಈಗ ಪಕ್ಕದಲ್ಲಿ ಹೊಸ ರೈಲು ಸೇತುವೆ ಬಂದು, ಹಳೆಯದನ್ನು ಪಾರಂಪರಿಕ ಸೇತುವೆ ಎಂದು ಉಳಿಸಿಕೊಂಡಿದ್ದಾರೆ. ಉಳಿಸಿದ್ದು ಒಳ್ಳೆಯ ಕೆಲಸ.

1951ರಲ್ಲಿ ಮೈಸೂರು ರಾಜ್ಯದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು, 2003ರಲ್ಲಿ ನಾವು ನೈಋತ್ಯ ರೈಲ್ವೆಗೆ ಬಂದೆವು. ಬೋರ್ಡುಗಳು ಬದಲಾದವು, ರೈಲು ಬದಲಾಗಲಿಲ್ಲ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ಹಳಿ ಅಗಲವಾದಾಗ ನಮ್ಮ ಸಣ್ಣ ಹಳಿ ಒಂಟಿಯಾಯಿತು. ಅಲ್ಲಿಯವರೆಗೆ ಒಂದೇ ಅಳತೆಯ ಹಳಿ ಬೆಂಗಳೂರಿನಿಂದ ಚಾಮರಾಜನಗರದವರೆಗೆ ಇತ್ತು, ಬೋಗಿ ಬೇಕೆಂದರೆ ನೇರ ಬರಬಹುದಿತ್ತು. ಆಮೇಲೆ ಮೈಸೂರಿನಲ್ಲಿ ಇಳಿದು, ಮೂಟೆ ಇಳಿಸಿ, ಬೇರೆ ರೈಲು ಹತ್ತಬೇಕು. ಎರಡು ರೈಲಿನ ಹೊತ್ತು ಕೂಡಿ ಬರುತ್ತಿರಲಿಲ್ಲ. ಜನ ಮೆಲ್ಲಗೆ ಬಸ್ಸಿಗೆ ತಿರುಗಿದರು. ಚಾಮರಾಜನಗರದ ಕರಿಕಲ್ಲು ಜಗತ್ತಿನ ಎಷ್ಟೋ ದೇಶಗಳ ಕಟ್ಟಡಗಳಿಗೆ ಹೋಗುತ್ತದೆ, ಅದು ಲಾರಿಯಲ್ಲಿ ಹೋಯಿತು. ಗುಂಡ್ಲುಪೇಟೆಯ ಅರಿಶಿನ, ಟೊಮ್ಯಾಟೊ, ಓಣಂ ಹಬ್ಬಕ್ಕೆ ಕೇರಳಕ್ಕೆ ಹೊರಡುವ ತರಕಾರಿ, ಎಲ್ಲವೂ ಲಾರಿಯಲ್ಲಿ. ರೈಲು ಅರ್ಧ ಖಾಲಿ ಓಡಿತು. ಖಾಲಿ ಓಡುತ್ತದೆ ಎಂಬುದನ್ನೇ ಮುಂದೆ ಮಾಡಿ, ಇಲ್ಲಿಗೆ ಇಷ್ಟು ಸಾಕು ಎನ್ನುವ ವಾದ ಶುರುವಾಯಿತು. ಮೊದಲು ಅನುಕೂಲ ಕಿತ್ತುಕೊಂಡು, ಆಮೇಲೆ ಜನ ಬರುತ್ತಿಲ್ಲವೆಂದು ಲೆಕ್ಕ ತೋರಿಸುವ ಈ ಕ್ರಮ ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ.

ಇದೇ ಕಾಲದಲ್ಲಿ, 1997ರಲ್ಲಿ, ಚಾಮರಾಜನಗರ ಜಿಲ್ಲೆಯಾಯಿತು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗೆ ಕುರ್ಚಿ ಉಳಿಯುವುದಿಲ್ಲ ಎಂಬ ಮೂಢನಂಬಿಕೆ ಎಷ್ಟು ಬಲವಾಗಿತ್ತೆಂದರೆ ಹೊಸ ಜಿಲ್ಲೆಯ ಉದ್ಘಾಟನೆಯೇ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಮುಂದೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ನಂಬಿಕೆಯನ್ನು ಮುರಿದರು. ಆದರೆ ಅಷ್ಟರಲ್ಲಿ ಕಳೆದುಹೋದ ವರ್ಷಗಳು ಕಡಿಮೆಯಲ್ಲ. ರಾಜ್ಯದ ಮುಖ್ಯಸ್ಥರೇ ಬರಲು ಹೆದರುವ ಊರಿನ ರೈಲಿನ ಬಗ್ಗೆ ದೆಹಲಿಯಲ್ಲಿ ಯಾರು ಗಟ್ಟಿಯಾಗಿ ಮಾತಾಡಬೇಕು?

ಕಡೆಗೂ ಹಳಿ ಕಿತ್ತರು. ಕೀಳುವ ದಿನಗಳಲ್ಲಿ ನಾನು ಕವಲಂದೆಗೆ ಹೋಗಿದ್ದೆ. ಅತ್ತೆ ತೀರಾ ಹಣ್ಣಾಗಿದ್ದಳು. ಹಳಿ ಇದ್ದ ಕಡೆ ಜಲ್ಲಿಯ ಬರಿ ಪಟ್ಟಿ, ಅದರ ಮೇಲೆ ಕುರಿ ಮೇಯುತ್ತಿದ್ದವು. ‘ಮತ್ತ ಹಾಕ್ದಾರ ಮಗ, ಇಲ್ಲಾ ಹಿಂಗ ಬುಟ್ಬುಡ್ತಾರ?’ ಎಂದು ಅವಳು ಕೇಳಿದಳು. ಹಾಕುತ್ತಾರೆ, ಇದಕ್ಕಿಂತ ಅಗಲದ್ದು ಹಾಕುತ್ತಾರೆ ಅಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಮೊದಲು ಮೈಸೂರಿನಿಂದ ನಂಜನಗೂಡು ಕಡೆಗೆ, ಆಮೇಲೆ 2008ರ ಹೊತ್ತಿಗೆ ಚಾಮರಾಜನಗರದವರೆಗೆ ದೊಡ್ಡ ಹಳಿ ಬಂತು. ಒಂದು ಮೀಟರ್ ಇದ್ದದ್ದು 1.676 ಮೀಟರ್ ಆಯಿತು. ಅಷ್ಟು ಅಗಲ ಆಗಿದ್ದರಿಂದ ಇಡೀ ದೇಶದ ಹಳಿಗೆ ನಾವು ಸೇರಿದೆವು. ತಿರುಪತಿಗೆ ಇಲ್ಲಿಂದಲೇ ರೈಲು ಹೊರಡುವಂತಾಯಿತು. ಮುಡಿಪು ಕಟ್ಟಿಕೊಂಡು ವರ್ಷಗಟ್ಟಲೆ ಕಾದ ಹಳ್ಳಿಯ ಹೆಂಗಸರು ಚಾಮರಾಜನಗರದಲ್ಲಿ ಹತ್ತಿ ಎಲ್ಲೂ ಇಳಿಯದೆ ತಿಮ್ಮಪ್ಪನ ಪಾದ ಸೇರಿದರು. ಆ ರೈಲು ಹೊರಡುವ ಹೊತ್ತಿನಲ್ಲಿ ಪ್ಲಾಟ್‌ಫಾರಂನಲ್ಲಿ ಕೇಳುವ ‘ಗೋವಿಂದಾ’ ಕೂಗು ನನ್ನ ಮಟ್ಟಿಗೆ ದೊಡ್ಡ ಹಳಿಯ ಮೊದಲ ಫಲ.

ದೊಡ್ಡ ಹಳಿ ಬಂದ ಮೇಲೆ ಮಾತು ನಿಲ್ದಾಣದ ನವೀಕರಣಕ್ಕೆ ಬಂತು. ಕೇಂದ್ರ ಸರ್ಕಾರದ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿ ಚಾಮರಾಜನಗರವೂ ಸೇರಿದೆ. ಹೊಸ ಮುಖಮಂಟಪ, ಕಾಯುವ ಕೊಠಡಿ, ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಅಂಗವಿಕಲರಿಗೆ ದಾರಿ, ಇಂಥವೆಲ್ಲ ಆ ಯೋಜನೆಯಲ್ಲಿ ಬರುತ್ತವೆ. ಇದನ್ನು ಬರಿ ಬಣ್ಣ ಬಳಿಯುವ ಕೆಲಸ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ನನ್ನ ಅವ್ವ ಕೊನೆಗಾಲದಲ್ಲಿ ಮೊಣಕಾಲು ನೋವಿನಿಂದ ರೈಲಿನ ಮೆಟ್ಟಿಲು ಹತ್ತಲಾರದೆ ಹಿಂಸೆಪಟ್ಟಿದ್ದು ನನಗೆ ಗೊತ್ತು. ಪ್ಲಾಟ್‌ಫಾರಂ ಎತ್ತರವಾಗಿ ಬೋಗಿಯ ಬಾಗಿಲಿಗೆ ಸಮಕ್ಕೆ ಬಂದರೆ ಒಬ್ಬ ಮುದುಕಿ ಮಗನ ಹೆಗಲು ಹಿಡಿಯದೆ ತಾನೇ ಹತ್ತುತ್ತಾಳೆ. ಹೆಣ್ಣುಮಕ್ಕಳಿಗೆ ಶುದ್ಧವಾದ ಶೌಚಾಲಯ ಇದ್ದರೆ ಅವರು ನೀರು ಕುಡಿಯದೆ ಪ್ರಯಾಣ ಮಾಡುವುದು ತಪ್ಪುತ್ತದೆ. ಇವು ಸಣ್ಣ ಸುಧಾರಣೆಗಳಲ್ಲ.

ಆದರೆ ಕಟ್ಟಡ ಎಷ್ಟು ದೊಡ್ಡದಾದರೂ ರೈಲು ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಟಿಕೆಟ್ಟು ಎಷ್ಟು ಎಂಬುದರಲ್ಲೇ ಬಡವರ ರೈಲು ಇರುವುದು. ಕೋವಿಡ್ಡಿನಲ್ಲಿ ಪ್ಯಾಸೆಂಜರ್ ರೈಲುಗಳು ನಿಂತು, ಮತ್ತೆ ಶುರುವಾದಾಗ ದೇಶದ ಎಲ್ಲ ಕಡೆಯಂತೆ ಇಲ್ಲೂ ಎಕ್ಸ್‌ಪ್ರೆಸ್ ದರ ಬಿತ್ತು. ಕನಿಷ್ಠ 10 ರೂಪಾಯಿ ಇದ್ದ ಟಿಕೆಟ್ಟು 30 ರೂಪಾಯಿ. ಒಂದು ನಿಲ್ದಾಣ ದೂರ ಹೋಗಿ ಕೂಲಿ ಮಾಡುವವನಿಗೆ ಹೋಗಿಬರಲು 60 ರೂಪಾಯಿ. 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳುವವರೆಗೆ ಅದು ಹಾಗೇ ನಡೆಯಿತು. ಈ ನಡುವೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲವಾಯಿತು. ಕುಕ್ಕೆ ಹೊತ್ತ ತಾಯಂದಿರು ಬಸ್ಸಿಗೆ ಹೋದರು. ಅವರಿಗೆ ಒಳ್ಳೆಯದಾಯಿತು, ನನಗೂ ಸಂತೋಷವೇ. ಆದರೂ ಬೆಳಗಿನ ರೈಲಿನಲ್ಲಿ ಈಗ ವಿದ್ಯಾರ್ಥಿಗಳು, ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವ ಹುಡುಗರು, ನೌಕರರು ಹೆಚ್ಚು. ಹೂವಿನ ವಾಸನೆ ಕಡಿಮೆಯಾಗಿದೆ.

ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ರೈಲು ಇರುವುದು ಚಾಮರಾಜನಗರ ತಾಲ್ಲೂಕಿನಲ್ಲಿ ಮಾತ್ರ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ, ಹನೂರಿಗೆ ಇಲ್ಲ. ಹಾಗಾದರೆ ಮುಂದೆ ಎಲ್ಲಿಗೆ ಹಳಿ ಹಾಕಬೇಕು? ಇಲ್ಲಿ ನಮ್ಮೂರಿನಲ್ಲೇ ಜಗಳವಾಗುವಷ್ಟು ಭಿನ್ನಾಭಿಪ್ರಾಯವಿದೆ.

ನಕ್ಷೆಯನ್ನು ಮತ್ತೆ ನೋಡಿದರೆ ನೀಲಗಿರಿ, ವಯನಾಡಿನ ಕಾಡಿನ ಸುತ್ತ ಮೂರು ಕಡೆಯಿಂದ ದೊಡ್ಡ ಹಳಿಗಳು ಬಂದು ನಿಂತಿವೆ. ಕೊಯಮತ್ತೂರು ಕಡೆಯಿಂದ ಮೆಟ್ಟುಪಾಳ್ಯಂ, ಅಲ್ಲಿಗೆ 1873ರಲ್ಲೇ ರೈಲು ಬಂದಿತ್ತು. ಕೇರಳದ ಶೋರನೂರಿನಿಂದ ನಿಲಂಬೂರು, ಅದು ಬಂದದ್ದು 1927ರಲ್ಲಿ, ನಮ್ಮದರ ಮರುವರ್ಷ. ಈ ಕಡೆಯಿಂದ ಚಾಮರಾಜನಗರ. ಮಗ್ಗದಲ್ಲಿ ಅರ್ಧಕ್ಕೆ ಬಿಟ್ಟ ನೂಲಿನ ಹಾಗೆ ಮೂರು ತುದಿಗಳು ಕಾಡಿನ ಅಂಚಿಗೆ ಬಂದು ನಿಂತಿವೆ. ಅವುಗಳನ್ನು ಗಂಟು ಹಾಕಬೇಕೆಂಬ ಆಸೆ ಹಳೆಯದು. ಚಾಮರಾಜನಗರದಿಂದ ಸತ್ಯಮಂಗಲ, ಮೆಟ್ಟುಪಾಳ್ಯಂ ಕಡೆಗೆ ಎಂದರು. ನಂಜನಗೂಡಿನಿಂದ ವಯನಾಡಿನ ಮೂಲಕ ನಿಲಂಬೂರಿಗೆ ಎಂದರು. ಎರಡನೆಯದು ಬಂದರೆ ಗುಂಡ್ಲುಪೇಟೆ ಸೀಮೆಗೂ ರೈಲಿನ ಸದ್ದು ಕೇಳಿಸುತ್ತದೆಂದು ನಮ್ಮ ತಾಲ್ಲೂಕಿನ ಎಷ್ಟೋ ಗೆಳೆಯರು ಕನಸು ಕಂಡಿದ್ದಾರೆ.

ನಾನೂ ಈ ತಾಲ್ಲೂಕಿನವನೇ. ಆದರೂ ಆ ಕನಸಿಗೆ ನಾನು ಕೈ ಎತ್ತಲಾರೆ. ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. 2009ರಿಂದ ಅದರೊಳಗಿನ ಹೆದ್ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಏಕೆ ನಿರ್ಬಂಧ ಎಂಬುದು ರಾತ್ರಿ ಲಾರಿಗೆ ಸಿಕ್ಕು ಸತ್ತ ಜಿಂಕೆ, ಆನೆಮರಿಗಳನ್ನು ಕಂಡ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾರಿಗೆ ರಾತ್ರಿ ಬೇಡವೆಂದ ಕಾಡಿನಲ್ಲಿ ರೈಲಿಗೆ ಜಾಗ ಎಲ್ಲಿದೆ? ಬಿಳಿಗಿರಿರಂಗನ ಬೆಟ್ಟದ ಕಾಡೂ, ಅದರಾಚೆಯ ಸತ್ಯಮಂಗಲದ ಕಾಡೂ ಈಗ ಹುಲಿ ಸಂರಕ್ಷಿತ ಪ್ರದೇಶಗಳು. ದಿಂಬಂ ಘಟ್ಟದ 27 ತಿರುವುಗಳಲ್ಲಿ ಬಸ್ಸು ಇಳಿಯುವಾಗ ಕಿಟಕಿಯಲ್ಲಿ ಕಾಣುವ ಆ ಕಣಿವೆಗಳಲ್ಲಿ ಆನೆಗಳು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುವ ದಾರಿಗಳಿವೆ. ಆ ದಾರಿಗಳು ನಮ್ಮ ಹಳಿಗಿಂತ ಹಳೆಯವು. ಕಾಡು ಉಳಿದಿರುವುದರಿಂದಲೇ ಗುಂಡ್ಲು ಹೊಳೆಯಲ್ಲಿ ಅಷ್ಟಿಷ್ಟು ನೀರು, ಸುವರ್ಣಾವತಿಯಲ್ಲಿ ಅಷ್ಟಿಷ್ಟು ನೀರು. ಅರಿಶಿನ ಬೆಳೆಯುವವನ ಮಗನಾಗಿ ನನಗೆ ಆ ನೀರಿನ ಲೆಕ್ಕ ರೈಲಿನ ಲೆಕ್ಕಕ್ಕಿಂತ ಮೊದಲು.

ಹಾಗೆಂದು ಹಳಿ ಇಲ್ಲೇ ನಿಲ್ಲಲಿ ಎನ್ನುವವನೂ ನಾನಲ್ಲ. ಕಾಡು ಸೀಳದ ದಾರಿಯೊಂದು ಕಾಗದದ ಮೇಲೆ ಸಿದ್ಧವಾಗಿಯೇ ಇದೆ. ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್. 1996–97ರಲ್ಲಿ ಮಂಜೂರಾದ ಮಾರ್ಗ ಇದು. ಅದು ಬಂದರೆ ಚಾಮರಾಜನಗರ ಹಳಿ ಮುಗಿಯುವ ಊರಾಗಿ ಉಳಿಯುವುದಿಲ್ಲ, ಮೈಸೂರಿನ ಕಡೆಯಿಂದ ಬಂದ ರೈಲು ಕೊಳ್ಳೇಗಾಲದ ಕಡೆಗೆ ಹೋಗುತ್ತದೆ. ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೂ ಲಾರಿಯಲ್ಲೂ ಹೋಗುವ ಲಕ್ಷಾಂತರ ಒಕ್ಕಲು ಕೊಳ್ಳೇಗಾಲದವರೆಗಾದರೂ ರೈಲಿನಲ್ಲಿ ಬರಬಹುದು. ಕೊಳ್ಳೇಗಾಲದ ರೇಷ್ಮೆ ನೇಕಾರನ ಸೀರೆ ಬೆಂಗಳೂರಿಗೆ ನೇರ ಹೋಗಬಹುದು. ಮಂಜೂರಾತಿಯ ವರ್ಷದಲ್ಲಿ ಹುಟ್ಟಿದ ಮಕ್ಕಳು ನನ್ನ ಶಾಲೆಯಲ್ಲಿ ಓದಿ, ಕೆಲಸ ಸೇರಿ, ಮದುವೆಯಾಗಿದ್ದಾರೆ. ಜಮೀನು, ಹಣದ ಪಾಲು, ಎರಡು ಸರ್ಕಾರಗಳ ನಡುವಿನ ಪತ್ರ, ಇವುಗಳಲ್ಲಿ ಯೋಜನೆ ಸಿಕ್ಕಿಬಿದ್ದಿದೆ. ನಮ್ಮ ಜಿಲ್ಲೆಯಿಂದ ಆಯ್ಕೆಯಾದ ಪ್ರತಿಯೊಬ್ಬರನ್ನೂ ಈ ಒಂದು ಪ್ರಶ್ನೆ ಕೇಳುತ್ತಲೇ ಇರಬೇಕು. ಕಾಡಿನ ದಾರಿಯ ಕನಸಿಗೆ ಹೋದ ಶಕ್ತಿಯಲ್ಲಿ ಅರ್ಧ ಈ ದಾರಿಗೆ ಬಂದಿದ್ದರೆ ಯಳಂದೂರಿಗಾದರೂ ರೈಲು ಮುಟ್ಟಿರುತ್ತಿತ್ತು.

ಗುಂಡ್ಲುಪೇಟೆಗೆ ಏನು ಎಂದು ನನ್ನ ಗೆಳೆಯರು ಕೇಳುತ್ತಾರೆ. ನಮಗೆ ಹಳಿ ಬೇಡ, ಹೊತ್ತು ಬೇಕು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಬೆಳಗಿನ ಮೊದಲ ರೈಲು ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಟೇಸನ್ನಿನ ಬಾಗಿಲಿಗೇ ಬರುವ ಒಂದು ಬಸ್ಸು, ರಾತ್ರಿಯ ಕಡೆಯ ರೈಲಿನಿಂದ ಇಳಿದವರನ್ನು ತುಂಬಿಕೊಂಡು ಹೊರಡುವ ಒಂದು ಬಸ್ಸು, ಇಷ್ಟು ಸಾಕು. ರೈಲು ತಡವಾದರೆ ಬಸ್ಸು ಕಾಯಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಭೂಸ್ವಾಧೀನ ಬೇಡ, ಒಂದು ಮರ ಕಡಿಯಬೇಕಾಗಿಲ್ಲ. ಎರಡು ಇಲಾಖೆಗಳು ಕೂತು ಮಾತಾಡಿದರೆ ಸಾಕು. ಈಗ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದು ಓಡುವಷ್ಟರಲ್ಲಿ ರೈಲು ಹೋಗಿರುತ್ತದೆ.

ನಿವೃತ್ತನಾದ ಮೇಲೆ ನಾನು ಈ ವಿಷಯವಾಗಿ ಅರ್ಜಿಗಳನ್ನು ಬರೆದಿದ್ದೇನೆ, ಬರೆಯುತ್ತಿದ್ದೇನೆ. ಕಳೆದ ಸಲ ಸಹಿ ಹಾಕಿಸಲು ಬೆಳಗಿನ ರೈಲಿಗೆ ಹೋದಾಗ ಬದನಗುಪ್ಪೆಯಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಹತ್ತಿದಳು. ಕಾಗದವನ್ನು ಪೂರ್ತಿ ಓದಿ, ‘ಮೇಷ್ಟ್ರೇ, ಗುಂಡ್ಲುಪೇಟೆ ಬಸ್ಸಿನ ಜೊತೆ ಮರಿಯಾಲ, ಬದನಗುಪ್ಪೆಯಲ್ಲಿ ರಾತ್ರಿ ದೀಪ ಉರಿಬೇಕು ಅಂತಾನೂ ಬರೀರಿ, ಸಂಜೆ ಇಳಿದ ಮೇಲೆ ನಾವು ಕತ್ಲಲ್ಲೇ ನಡೀಬೇಕು’ ಅಂದಳು. ಅವಳ ಪೆನ್ನನ್ನೇ ತೆಗೆದುಕೊಂಡು ಅದನ್ನು ಸೇರಿಸಿದೆ. ಅವಳು ಸಹಿ ಹಾಕಿ, ಕಾಗದವನ್ನು ಪಕ್ಕದ ಸೀಟಿನವರಿಗೆ ಕೊಟ್ಟಳು. ನಂಜನಗೂಡು ಬರುವ ಹೊತ್ತಿಗೆ ಆ ಹಾಳೆ ಬೋಗಿಯ ಆ ತುದಿಗೆ ಹೋಗಿತ್ತು.